ಒಬ್ಬರ ಮೇಜು, ಇಡೀ ಕುರಿ

ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮೆಲಿಸ್ ತನ್ನ ಮಾವನನ್ನು ಅಳಿಸಿಹಾಕಿದ. ಆಮೇಲೆ ಚಹಾ ಕುಡಿದ. ಚಹಾ ಚೆನ್ನಾಗಿತ್ತು, ಈಗ ಅವನನ್ನು ಕಾಡುತ್ತಿದ್ದದ್ದು ಅದೇ. ಮೊದಲ ಗುಟುಕಿಗೇ ಹೆಗಲ ಮೇಲಿಂದ ಏನೋ ಇಳಿದಂತಾಗಿ, ಕಿಟಕಿಯಾಚೆ ಬಿಷ್ಕೆಕ್‌ನ ಮಾರ್ಚ್ ತಿಂಗಳ ಕೊಳಕು ಹಿಮ ಕರಗಿ ರಸ್ತೆಬದಿಯ ಕಾಲುವೆಗೆ ಇಳಿಯುವುದನ್ನು ಎಷ್ಟೋ ದಿನದ ಮೇಲೆ ಸುಮ್ಮನೆ ನೋಡುತ್ತ ನಿಂತಿದ್ದ. ತಟ್ಟೆಯಲ್ಲಿದ್ದ ಕರಿದ ಬೊರ್ಸೊಕ್ ಒಂದನ್ನು ತಿಂದಿದ್ದ, ಇನ್ನೊಂದನ್ನೂ ತಿಂದಿದ್ದ. ಕೆಳಗಿನ ಊಟದ ಹಾಲ್‌ನಲ್ಲಿ ವಾದ್ಯದವರು ಮೈಕು ಪರೀಕ್ಷೆ ಮಾಡುತ್ತ ‘ಬಿರ್, ಎಕಿ, ಬಿರ್, ಎಕಿ’ ಎಂದು ಎಣಿಸುತ್ತಿದ್ದರೆ ಅದಕ್ಕೆ ತಕ್ಕಂತೆ ಕಾಲನ್ನೂ ಕುಣಿಸಿದ್ದ. ನಲವತ್ತಾರು ವರ್ಷದ, ಸೊಂಟನೋವಿನ, ಯಾವ ಫೋಟೋದಲ್ಲೂ ಅರ್ಧ ಮುಖವಷ್ಟೇ ಬೀಳುವ ಮನುಷ್ಯ ಕಾಲು ಕುಣಿಸುವುದೆಂದರೇನು? ಈಗ ಹನ್ನೆರಡೂಮುಕ್ಕಾಲು. ತೊಯ್ ಶುರುವಾಗುವುದು ಒಂದಕ್ಕೆ. ಮಾವ ತುರ್ದಾಕುನ್, ತಮ್ಮನ ಮೊಮ್ಮಗ ಮೊದಲ ಹೆಜ್ಜೆ ಇಟ್ಟ ಸಂತೋಷಕ್ಕೆ ಕುಲದವರೆಲ್ಲ ಉಣ್ಣುವ ಈ ತೊಯ್‌ಗಾಗಿ ಹಸಿರು ಚಪಾನು ತೊಟ್ಟು, ತಲೆಗೆ ಬಿಳಿ ಕಲ್ಪಾಕ್ ಇಟ್ಟು, ಇಷ್ಟು ಹೊತ್ತಿಗೆ ಮನೆ ಬಿಟ್ಟಿರಬೇಕು. ತಾನು ಇಲ್ಲವೆಂಬುದು ಅವರಿಗಿನ್ನೂ ಗೊತ್ತಿಲ್ಲ.

ಅಳಿಸಿಹಾಕಿದ್ದು ಪ್ರೋಗ್ರಾಮಿನಲ್ಲಿ ಮಾತ್ರ, ನಿಜ. ಆದರೆ ಈ ಹಾಲ್‌ನಲ್ಲಿ ಪ್ರೋಗ್ರಾಮಿನಲ್ಲಿ ಇಲ್ಲದವನಿಗೆ ಕುರ್ಚಿಯೂ ಇಲ್ಲ, ಎಲುಬೂ ಇಲ್ಲ. ಹಾಗೆಂದು ಕಟ್ಟಳೆ ಮಾಡಿದವರು ಹಾಲ್‌ನ ಒಡತಿ ಬುರುಲ್ಚಾ ಎಜೆ, ಅಂದರೆ ಬುರುಲ್ಚಾ ಅಕ್ಕ. ಅದನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆದವನು ಮೆಲಿಸ್. ಒಂಬತ್ತು ವರ್ಷದಿಂದ ಹಾಲ್‌ನ ಮೇಲಿನ ಈ ಚಿಕ್ಕ ಕೋಣೆಯಲ್ಲಿ ಕೂತು, ಕೆಳಗಿನಿಂದ ಏರುವ ಮಾಂಸದ ಸಾರಿನ ವಾಸನೆಯಲ್ಲಿ ಅವನು ಅದನ್ನು ಬರೆಯುತ್ತಲೇ ಇದ್ದ. ಅದರಲ್ಲಿ ಮೇಜು ಎಂಬುದೊಂದು ಕ್ಲಾಸ್, ಅಂದರೆ ಅಚ್ಚು, ಅತಿಥಿ ಎಂಬುದೊಂದು ಕ್ಲಾಸ್. ಮೇಜು ಬರೀ ಮೇಜಲ್ಲ, ಕಂಟೇನರ್: ಅತಿಥಿಗಳನ್ನು ತನ್ನೊಳಗೆ ಸೇರಿಸಿಕೊಳ್ಳುವುದು, ವಯಸ್ಸು ನೋಡಿ ಸಾಲು ಹಚ್ಚುವುದು, ಹಿರಿಯರಿಬ್ಬರಿಗೆ ಜಂಬಾಶ್ ಎಂಬ ಸೊಂಟದ ಎಲುಬು, ಉಳಿದವರಿಗೆ ಅವರವರ ಮಾನಕ್ಕೆ ತಕ್ಕ ಎಲುಬು ಎಂದು ಹಂಚುವುದು, ಬಾರದವರನ್ನು ತೆಗೆಯುವುದು, ಕೇಳಿದಾಗ ಲೆಕ್ಕ ಒಪ್ಪಿಸುವುದು, ಎಲ್ಲ ಅದರ ಜವಾಬ್ದಾರಿ. ಅತಿಥಿಗೆ ಏನೂ ಗೊತ್ತಿರಬೇಕಾಗಿಲ್ಲ. ಹೊರಗಿನವರು ಯಾರೂ ಅವನನ್ನು ನೇರವಾಗಿ ಮುಟ್ಟುವಂತೆಯೂ ಇಲ್ಲ. ಏನು ಬೇಕಾದರೂ ಮೇಜನ್ನೇ ಕೇಳಬೇಕು. ಇದನ್ನು ಬರೆದ ದಿನ ಮೆಲಿಸ್‌ಗೆ ಎಷ್ಟು ಸಮಾಧಾನವಾಗಿತ್ತೆಂದರೆ, ಮನೆಗೆ ಹೋಗುವ ಬಸ್ಸಿನಲ್ಲಿ ಪಕ್ಕದವನು ಕಾಲು ತುಳಿದರೂ ತಾನು ಬಸ್ಸಿಗೆ ದೂರು ಹೇಳಬೇಕೇ ಹೊರತು ಮನುಷ್ಯನಿಗಲ್ಲ ಎಂದುಕೊಂಡು ಸುಮ್ಮನಿದ್ದ. ಅಂಥ ಏರ್ಪಾಡು ತನ್ನ ಮದುವೆಗೂ ಇದ್ದಿದ್ದರೆ ಎಂದು ಆಗಾಗ ಅನಿಸುತ್ತಿತ್ತು.

ಮೊದಲು ಹೀಗಿರಲಿಲ್ಲ. ಮೊದಲು ಅತಿಥಿಗಳೆಲ್ಲ ಬೇರೆ ಒಂದು ದೊಡ್ಡ ರಾಶಿಯಲ್ಲಿದ್ದರು. ಮೇಜಿನ ಹತ್ತಿರ ಅವರ ವಿಳಾಸ ಮಾತ್ರ ಇರುತ್ತಿತ್ತು. ಮೇಜು ಒಡೆದರೂ ಜನ ಉಳಿಯುತ್ತಿದ್ದರು. ಆ ಕಾಲದಲ್ಲೇ ಕಾಸಿಮಾಲಿ ಎಂಬ ಮುದುಕರೊಬ್ಬರು ತೀರಿಕೊಂಡರು. ಅವರು ತೀರಿಕೊಂಡದ್ದನ್ನು ಯಾರೂ ಪ್ರೋಗ್ರಾಮಿಗೆ ಹೇಳಲಿಲ್ಲ. ಎರಡು ವರ್ಷ, ಅವರ ಕುಲದ ಒಂದೊಂದು ತೊಯ್‌ಗೂ ಅಡಿಗೆಮನೆಯಿಂದ ಅವರ ಹೆಸರಿನ ಚೀಟಿ ಸಿಕ್ಕಿಸಿದ ಜಂಬಾಶ್ ಬರುತ್ತಿತ್ತು. ಮನೆಯವರು ಕಣ್ಣೀರು ಹಾಕಿ, ಅದನ್ನು ಪೊಟ್ಟಣ ಕಟ್ಟಿಕೊಂಡು ಒಯ್ಯುತ್ತಿದ್ದರು. ಮೂರನೆಯ ಸಲ ಚೀಟಿಯ ಮೇಲೆ ‘ವಯಸ್ಸು ೮೩’ ಎಂದಿತ್ತು. ಸತ್ತವರಿಗೆ ಪ್ರೋಗ್ರಾಮು ವರ್ಷವರ್ಷವೂ ವಯಸ್ಸು ಏರಿಸುತ್ತಿತ್ತು. ಆಗ ಮುದುಕರ ಮಗ ಮೇಲೆ ಹತ್ತಿ ಬಂದು ಮೆಲಿಸ್‌ನ ಕೊರಳಪಟ್ಟಿ ಹಿಡಿದು, “ನಮ್ಮಪ್ಪನ್ನ ಸಾಯೋಕೆ ಬಿಡ್ತೀಯೋ ಇಲ್ವೋ?” ಎಂದು ಕೇಳಿದ್ದ. ಹಿಂದೆಯೇ ಬಂದ ಬುರುಲ್ಚಾ ಎಜೆ ತೀರ್ಪು ಕೊಟ್ಟಿದ್ದರು: “ಮೇಜು ಇಲ್ದೋರು ಇರಬಾರ್ದು. ಅಷ್ಟೇ.” ಮೆಲಿಸ್ ಆ ವಾರವೇ ಎಲ್ಲವನ್ನೂ ಬದಲಿಸಿದ. ರಾಶಿ ಹೋಯಿತು. ಅತಿಥಿ ಹುಟ್ಟುವುದೇ ಮೇಜಿನೊಳಗೆ, ಸಾಯುವುದೂ ಅದರ ಜೊತೆಗೇ. ಮೇಜು ಅವನ ವಿಳಾಸ ಇಟ್ಟುಕೊಂಡಿರುವುದಿಲ್ಲ, ಅವನನ್ನೇ ಇಟ್ಟುಕೊಂಡಿರುತ್ತದೆ. ಇಷ್ಟು ಸ್ವಚ್ಛವಾದ ಕೆಲಸವನ್ನು ತಾನು ಜೀವನದಲ್ಲಿ ಮತ್ತೊಂದು ಮಾಡಿಲ್ಲ ಎಂದು ಅವನು ನಂಬಿದ್ದ.

ಇವತ್ತು ಬೆಳಗ್ಗೆ ಆದದ್ದಿಷ್ಟು. ನರಿನ್ ಕಡೆಯ ನೆಂಟರು ಬರುವ ಕಣಿವೆಯಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿತ್ತು. ಏಳನೇ ಮೇಜಿನಲ್ಲಿ ಐದೇ ಜನ ಉಳಿದರು. ಬುರುಲ್ಚಾ ಎಜೆ ಫೋನಿನಲ್ಲಿ, “ಏಳನ್ನ ಒಡೆದು ಎಂಟಕ್ಕೆ ಹಾಕೋ, ಹಾಲ್ ಬೋಳು ಬೋಳಾಗಿ ಕಾಣತ್ತೆ” ಎಂದರು. ಮೆಲಿಸ್ ಒಬ್ಬೊಬ್ಬರನ್ನೇ ಎಂಟಕ್ಕೆ ದಾಟಿಸಿದ. ನಾಲ್ಕು ಜನ ತಕರಾರಿಲ್ಲದೆ ಹೋದರು. ಐದನೆಯವರು ಹೋಗಲಿಲ್ಲ. ‘ಈ ಮೇಜಿನಲ್ಲಿ ಜಂಬಾಶ್ ಉಳಿದಿಲ್ಲ’ ಎಂದು ಎಂಟನೇ ಮೇಜು ಹೇಳಿತು. ಕುರಿಗಿರುವುದು ಎರಡೇ ಸೊಂಟದ ಎಲುಬು. ಎಂಟರಲ್ಲಿ ಆಗಲೇ ಇಬ್ಬರು ಎಂಬತ್ತು ದಾಟಿದವರಿದ್ದರು. ಉಳಿದ ಮೇಜುಗಳೂ ಹಾಗೆಯೇ ತುಂಬಿದ್ದವು. ಆಮೇಲೆ ನೋಡಿದರಾಯಿತೆಂದು ಮೆಲಿಸ್ ಬೆರಳು ನೆಟಿಗೆ ಮುರಿದ, ಕನ್ನಡಕ ಒರೆಸಿದ. ಒರೆಸಿ, ಏಳನೇ ಮೇಜನ್ನು ಒಡೆಯುವ ಗುಂಡಿ ಒತ್ತಿದ. ತಾನೇ ಹಿಂದೊಮ್ಮೆ ಬರೆದಿಟ್ಟಿದ್ದ ಚೌಕ ಎದ್ದು ನಿಂತಿತು: ‘ಒಳಗೆ ಇನ್ನೂ ೧ ಅತಿಥಿ. ಅವರೂ ಹೋಗುತ್ತಾರೆ. ಆಗಬಹುದೆ?’ ಮೆಲಿಸ್ ‘ಹೌದು’ ಒತ್ತಿದ. ಓದದೆಯೇ ಒತ್ತಿದ. ಇಂಥ ಚೌಕಗಳನ್ನು ಯಾರು ಓದುತ್ತಾರೆ? ದಿನಕ್ಕೆ ನೂರು ಸಲ ಒತ್ತುತ್ತೇವೆ. ಬೆರಳಿಗೆ ಅಭ್ಯಾಸ.

ಫೋನು ಗುಂಯ್‌ಗುಟ್ಟಿತು. ಹೆಂಡತಿ ಜಿಪಾರ್. ಅವಳು ಕೆಳಗೆ ಹಾಲ್‌ನಲ್ಲೇ ಇದ್ದಳು. ಅವಳ ಹಿಂದೆ ಹೆಂಗಸರ ನಗು, ಮಕ್ಕಳ ಕಿರುಚಾಟ ಕೇಳುತ್ತಿತ್ತು.

“ಅಪ್ಪ ಎಲ್ಲಿ?”

“ಇನ್ನೂ ಬಂದಿಲ್ವಾ?”

“ಬಂದು ಅರ್ಧ ಗಂಟೆ ಆಯ್ತಂತೆ. ಡ್ರೈವರ್ ಬಾಗಿಲಲ್ಲೇ ಇಳಿಸಿದಾನೆ. ಚಿಕ್ಕಪ್ಪ ಕೇಳ್ತಿದಾರೆ, ಅಣ್ಣ ಬರದೆ ಮಗುವಿನ ಕಾಲಿನ ದಾರ ಕತ್ತರಿಸೋದು ಹೇಗೆ ಅಂತ. ಎಂಬತ್ತೊಂದು ವರ್ಷದೋರು ಎಲ್ಲಿಗೆ ಹೋಗ್ತಾರೆ? ಸ್ವಲ್ಪ ಇಳಿದು ನೋಡೋ. ಕೂತು ಕೂತು ಬೇರು ಬಿಟ್ಟಿದೀಯಾ?”

ಮೆಟ್ಟಿಲಿಳಿಯುತ್ತ ಅವನಿಗೆ ಮಾವನ ಮನೆಯ ಬಾಗಿಲು ನೆನಪಾಯಿತು. ಇಪ್ಪತ್ತೆರಡು ವರ್ಷ ಆ ಬಾಗಿಲ ಪಕ್ಕದಲ್ಲೇ ಅವನ ಜಾಗ. ಅಳಿಯನಾದವನು ಬಾಗಿಲ ಬಳಿ ಕೂರುವುದರಲ್ಲಿ ವಿಶೇಷವಿಲ್ಲ, ಎಲ್ಲ ಅಳಿಯಂದಿರೂ ಹಾಗೆಯೇ ಶುರುಮಾಡುತ್ತಾರೆ. ಆದರೆ ಅವನ ಷಡ್ಡಕರಿಬ್ಬರು ಐದಾರು ವರ್ಷದಲ್ಲಿ ಒಂದೊಂದು ಹಾಸಿಗೆಯಷ್ಟು ಮೇಲಕ್ಕೆ ಸರಿದು, ಈಗ ಮಾವನ ಮೊಣಕೈಗೆ ತಗಲುವಂತೆ ಕೂತು ನಗೆಚಾಟಿಕೆ ಮಾಡುತ್ತಿದ್ದರು. ಒಬ್ಬ ಲಾರಿ ಇಟ್ಟಿದ್ದ, ಇನ್ನೊಬ್ಬ ಕುದುರೆ ಸಾಕಿದ್ದ. ಮೂವತ್ತೊಂದು ವರ್ಷ ಓಷ್ ದಾರಿಯಲ್ಲಿ ಲಾರಿ ಓಡಿಸಿದ್ದ ತುರ್ದಾಕುನ್‌ಗೆ ಅದು ಅರ್ಥವಾಗುವ ಕೆಲಸ. “ನೀನು ಮಾಡೋದನ್ನ ತೋರ್ಸು” ಎಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದರು. ಮೆಲಿಸ್ ಸಂಭ್ರಮದಿಂದ ಲ್ಯಾಪ್‌ಟಾಪ್ ತೆರೆದು ತೋರಿಸಿದ್ದ. ಅವರು ತುಂಬ ಹೊತ್ತು ನೋಡಿ, ಲ್ಯಾಪ್‌ಟಾಪನ್ನು ಎತ್ತಿ ಅದರ ಕೆಳಗೆ ನೋಡಿ, ಮತ್ತೆ ಇಟ್ಟು, “ಚಹಾ ಕೊಡು” ಎಂದಿದ್ದರು. ಅಂದಿನಿಂದ ಚಹಾ ಬಗ್ಗಿಸುವುದು ಅವನ ಪಾಲಿನ ಕೆಲಸ. ಪಿಂಗಾಣಿ ಬಟ್ಟಲಿಗೆ ಅರ್ಧಕ್ಕಿಂತ ಕಡಿಮೆ ಹಾಕಿ ಕೊಡಬೇಕು. ತುಂಬಿಸಿ ಕೊಟ್ಟರೆ ಬೇಗ ಕುಡಿದು ಹೊರಡು ಎಂದ ಹಾಗೆ. ಒಂದು ಸಲ ಕೈ ತಪ್ಪಿ ತುಂಬಿಸಿಬಿಟ್ಟಿದ್ದ. ಎಲ್ಲರೂ ಬಟ್ಟಲನ್ನು ನೋಡಿದರು.

ಓದದೆ ಒತ್ತಿದೆ ಎಂಬುದು ಪೂರ್ತಿ ನಿಜವಲ್ಲ ಎಂದು ಕೊನೆಯ ಮೆಟ್ಟಿಲಲ್ಲಿ ಅವನಿಗೆ ಒಪ್ಪಿಕೊಳ್ಳಬೇಕಾಯಿತು. ‘೧’ ಎಂಬುದನ್ನು ಓದಿದ್ದ. ಆದರೆ ಅದು ಬರೀ ಅಂಕೆ. ಅಂಕೆಗೆ ಮುಖ ಇರುವುದಿಲ್ಲ.

ಮುಂಬಾಗಿಲಲ್ಲಿ ಟ್ಯಾಬ್ಲೆಟ್ ಹಿಡಿದು ನಿಂತಿದ್ದ ಮೀರಿಮ್ ಅವನನ್ನು ಕಂಡದ್ದೇ, ಅಣ್ಣನೆಂಬರ್ಥದ ‘ಬಾಯ್ಕೆ’ಯೆಂದು ಕರೆದು ಸಂಕಟ ತೋಡಿಕೊಂಡಳು. “ಒಬ್ಬರು ಅಜ್ಜ ಬಂದ್ರು ಬಾಯ್ಕೆ. ಹೆಸರು ಇಲ್ಲ. ಏಳನೇ ಮೇಜು ಅಂತಾರೆ. ಏಳನೇ ಮೇಜೇ ಇಲ್ಲ! ಆರು ಆದ್ಮೇಲೆ ಎಂಟು ಇದೆ. ಹೋದ ತಿಂಗಳು ಹನ್ನೊಂದು ಜನ ಯಾರೋ ಗೊತ್ತಿಲ್ದೋರು ಬಂದು ತಿಂದು, ಹಾಡು ಬೇರೆ ಹೇಳಿ ಹೋದ್ರಲ್ಲ, ಅವತ್ತಿಂದ ಎಜೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾರೆ. ನಾನೇನು ಮಾಡ್ಲಿ?”

“ಏನಂದ್ರು ಅವರು?”

“ಏನೂ ಅನ್ಲಿಲ್ಲ. ‘ಇನ್ನೊಂದ್ಸಲ ನೋಡಮ್ಮ’ ಅಂದ್ರು. ನೋಡಿದೆ. ‘ಇಲ್ವಾ?’ ಅಂದ್ರು. ‘ಇಲ್ಲ ಅಜ್ಜ’ ಅಂದೆ. ‘ಸರಿ ಹಾಗಾದ್ರೆ’ ಅಂದು ಒಳಗೆ ಹೋಗಿ ಕೂತ್ರು.” ಅವಳು ಕೋಟುಗಳನ್ನು ನೇತುಹಾಕುವ ಕೋಣೆ ತೋರಿಸಿದಳು.

ಇನ್ನೂರು ಕೋಟುಗಳ ನಡುವೆ ಒಂದು ಮುಕ್ಕಾಲಿಯ ಮೇಲೆ ತುರ್ದಾಕುನ್ ಕೂತಿದ್ದರು. ಬೆನ್ನು ನೆಟ್ಟಗೆ, ಕೈಯೆರಡೂ ಕೋಲಿನ ಮೇಲೆ. ಯಾರದೋ ತೋಳಿನ ತುಪ್ಪಳ ಅವರ ಕಲ್ಪಾಕಿನ ಮೇಲೆ ಬಿದ್ದಿತ್ತು. ಅದನ್ನು ಅವರು ತೆಗೆದಿರಲಿಲ್ಲ. ಮೆಲಿಸ್ ಏನೇನೋ ಅಂದುಕೊಂಡಿದ್ದ: ಬೈಯುತ್ತಾರೆ, ಕೋಲೆತ್ತುತ್ತಾರೆ, ತಮ್ಮನನ್ನು ಕೂಗಿ ರಂಪ ಮಾಡುತ್ತಾರೆ. ಅವರು ಹಾಗೆ ಮಾಡಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಆದರೆ ಆ ಮುಖದಲ್ಲಿದ್ದದ್ದು ಸಿಟ್ಟಲ್ಲ, ಒಂದು ಬಗೆಯ ಕುತೂಹಲ. ಬಹಳ ದಿನದಿಂದ ಇದ್ದ ಅನುಮಾನವೊಂದನ್ನು ಯಾರೋ ಕೊನೆಗೂ ಖಚಿತಪಡಿಸಿದರೇನೋ ಎಂಬಂತಿತ್ತು. ಮೆಲಿಸ್‌ಗೆ ನಾಚಿಕೆಯಾಯಿತು, ಅಂಗಾಲಿನಿಂದ ಕಿವಿಯವರೆಗೂ ನಾಚಿಕೆಯಾಯಿತು.

“ಆತಾ,” ಎಂದ, ಅಪ್ಪನನ್ನು ಕರೆಯುವ ಹಾಗೆ, “ಇಲ್ಲಿ ಯಾಕೆ ಕೂತಿದೀರಿ? ನನಗೆ ಹೇಳಿಕಳಿಸಬಾರ್ದಿತ್ತಾ? ನಾನು ಮೇಲೇ ಇದ್ದೆ.”

“ಪಟ್ಟಿಯಲ್ಲಿ ಇಲ್ವಂತೆ ನಾನು.”

“ಪಟ್ಟಿ ತಪ್ಪು ಆತಾ.”

“ಪಟ್ಟಿ ನಿಂದೇ ಅಲ್ವಾ? ಒಂಬತ್ತು ವರ್ಷ ಅದನ್ನೇ ಬರೀತಿದೀಯ ಅಂತಾಳೆ ಜಿಪಾರ್. ಒಂಬತ್ತು ವರ್ಷ ಬರೆದದ್ದು ತಪ್ಪಿರತ್ತಾ?” ಅವರು ಕೋಲನ್ನು ಇನ್ನೊಂದು ಕೈಗೆ ಬದಲಿಸಿದರು. “ನಾನಿಲ್ಲಿ ಚೆನ್ನಾಗೇ ಇದೀನಿ. ಬೆಚ್ಚಗಿದೆ.”

ಹಿಂದಿನಿಂದ ಬುರುಲ್ಚಾ ಎಜೆಯ ಎತ್ತರ ಹಿಮ್ಮಡಿಯ ಬೂಟಿನ ಸದ್ದು ಬಂತು. ಒಳಗೆ ನಡೆದದ್ದನ್ನು ಅವರು ಕ್ಷಣದಲ್ಲಿ ಅರ್ಥಮಾಡಿಕೊಂಡರು. ಮುದುಕರಿಗೆ ಬಗ್ಗಿ ವಂದಿಸಿ, ಮೆಲಿಸ್‌ನ ತೋಳು ಹಿಡಿದು ಪಕ್ಕಕ್ಕೆಳೆದರು. “ಕುಲಕ್ಕೇ ಹಿರಿಯರನ್ನ ಕೋಟಿನ ಕೋಣೇಲಿ ಕೂರ್ಸಿದೀಯಲ್ಲೋ, ನಿನ್ನ ತಲೇಲಿ ಮಿದುಳಿದೆಯಾ ಮಣ್ಣಿದೆಯಾ? ನಾಳೆಯಿಂದ ನನ್ನ ಹಾಲ್‌ಗೆ ಯಾರು ಬರ್ತಾರೆ? ಸೇರ್ಸು ಅವರನ್ನ!”

“ಎಲ್ಲಿ ಸೇರ್ಸಲಿ ಎಜೆ? ಅತಿಥಿಯನ್ನ ಸುಮ್ಮನೆ ಸೇರ್ಸೋಕಾಗಲ್ಲ. ಮೇಜಿನೊಳಗೇ ಹುಟ್ಟಬೇಕು. ಎಲ್ಲ ಮೇಜಿನ ಜಂಬಾಶೂ ಹೋಗಿದೆ.”

“ಬೇರೆ ಎಲುಬು ಕೊಡು.”

ಎಂಬತ್ತೊಂದು ವರ್ಷದವರಿಗೆ ಬೇರೆ ಎಲುಬು! ಬುರುಲ್ಚಾ ಎಜೆಯೇ ತಮ್ಮ ಬಾಯಿ ಮುಚ್ಚಿಕೊಂಡರು. “ಆಯ್ತು, ಹೊಸ ಮೇಜು ಮಾಡು. ಅವರೊಬ್ಬರಿಗೇ ಮಾಡು. ಯಾರಾದ್ರೂ ಕೇಳಿದ್ರೆ ಪ್ರಿಂಟರ್ ಕೆಟ್ಟಿತ್ತು ಅನ್ನೋಣ. ಅದಕ್ಕೇನು ಬಾಯಿದೆಯಾ?”

ಮೆಲಿಸ್ ಮೇಲಕ್ಕೋಡಿದ. ಹೊಸ ಮೇಜು ತೆರೆದ. ಅದರೊಳಗೆ ಒಬ್ಬ ಅತಿಥಿಯನ್ನು ಹುಟ್ಟಿಸಿದ. ಹೆಸರು ಎಂದು ಕೇಳಿತು, ಬರೆದ. ಹುಟ್ಟಿದ ವರ್ಷ ಕೇಳಿತು, ಬರೆದ. ಸಂಬಂಧ ಏನು ಎಂದು ಕೇಳಿತು. ಯಾರಿಗೆ ಏನು ಸಂಬಂಧ ಎಂದು ಅವನ ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. ಆಗ ಅವನಿಗೆ ಕಂಡಿತು, ಬೆಳಗಿನ ಆ ಚೌಕದಲ್ಲಿ ಅಂಕೆಯ ಕೆಳಗೆ, ಸಣ್ಣ ಅಕ್ಷರದಲ್ಲಿ, ಹೆಸರೂ ಇತ್ತು. ಇರಲೇಬೇಕು, ಕಾಸಿಮಾಲಿಯ ಮಗ ಕೊರಳಪಟ್ಟಿ ಹಿಡಿದಮೇಲೆ ಅವನೇ ಅದನ್ನು ಸೇರಿಸಿದ್ದ, ಯಾರನ್ನು ಕಳೆಯುತ್ತಿದ್ದೇವೆಂದು ಮನುಷ್ಯನಿಗೆ ಗೊತ್ತಿರಲಿ ಎಂದು. ‘ತುರ್ದಾಕುನ್, ೮೧’. ಅದನ್ನು ಅವನು ಓದಿದ್ದ. ಎರಡು ಸಲ ಓದಿದ್ದ. ಎರಡನೆಯ ಸಲ ಓದುವಾಗ ಕನ್ನಡಕ ಶುಭ್ರವಾಗಿತ್ತು.

ಅವನು ಯೋಚಿಸಿರದಿದ್ದ ಒಂದು ಸಂಗತಿ ಅಷ್ಟರಲ್ಲಿ ಅಡಿಗೆಮನೆಯ ಪ್ರಿಂಟರ್‌ನಿಂದ ಹೊರಬಿದ್ದಿತ್ತು. ಮೇಜೊಂದಕ್ಕೆ ಒಂದು ಕುರಿ. ಒಳಗೆ ಹನ್ನೆರಡು ಜನರಿರಲಿ, ಒಬ್ಬನೇ ಇರಲಿ, ಮೇಜು ಅಂದಮೇಲೆ ಅದು ತನ್ನ ಕುರಿಯನ್ನು ಕೇಳಿಯೇ ಕೇಳುತ್ತದೆ. ಕೇಳಿ, ಹನ್ನೆರಡು ಎಲುಬನ್ನೂ ತಲೆಯನ್ನೂ ಇರುವವರಿಗೆ ಹಂಚುತ್ತದೆ. ಮಾಂಸ ಕಡಿಯುವ ಒರೋಜ್ ಬಾಯ್ಕೆ ಚೀಟಿಯನ್ನು ಓದಿ ಹುಬ್ಬೇರಿಸಲೂ ಇಲ್ಲ. ಏಳನೇ ಮೇಜಿನ ಕುರಿ ಆಗಲೇ ಬೆಂದು ಕೂತಿತ್ತು, ಅದಕ್ಕೊಂದು ದಾರಿಯಾಯಿತಲ್ಲ ಎಂದು ಅವನಿಗೆ ಖುಷಿಯೇ. ಮೆಲಿಸ್ ಉಸಿರು ಕಟ್ಟಿಕೊಂಡು ಓಡಿಬಂದಾಗ ಇಬ್ಬರು ಅಡಿಗೆಯವರು ದೊಡ್ಡ ಹರಿವಾಣವೊಂದನ್ನು ಎತ್ತಿಕೊಂಡು ಹೊರಟಿದ್ದರು.

“ಒರೋಜ್ ಬಾಯ್ಕೆ, ನಿಲ್ಸಿ! ಅದು ಒಬ್ಬರಿಗೆ!”

“ಗೊತ್ತು. ಬರೆದಿದೆಯಲ್ಲ,” ಎಂದ ಒರೋಜ್, ಹನ್ನೆರಡು ಎಲುಬಿಗೂ ಸಿಕ್ಕಿಸಿದ ಹನ್ನೆರಡು ಚೀಟಿ ತೋರಿಸುತ್ತ. ಹನ್ನೆರಡರ ಮೇಲೂ ತುರ್ದಾಕುನ್. “ದೊಡ್ಡ ಮನುಷ್ಯ ಇರಬೇಕು. ಯಾರಪ್ಪಾ ಇವರು?”

ಹಾಲ್‌ನಲ್ಲಿ ಮೇಜಿಡಲು ಜಾಗವಿರಲಿಲ್ಲ. ಏಳನೆಯದನ್ನು ತೆಗೆದ ಜಾಗದಲ್ಲಿ ಮಕ್ಕಳು ಓಡುವುದಕ್ಕೆ ಚಾಪೆ ಹಾಸಿಯಾಗಿತ್ತು; ಮಗುವಿನ ಕಾಲಿಗೆ ಕಟ್ಟಿದ ಕಪ್ಪುಬಿಳಿ ದಾರವನ್ನು, ಇನ್ನು ಎಡವದೆ ನಡೆಯಲೆಂದು, ಕತ್ತರಿಸಲು ಕತ್ತರಿ ತರುವ ಮಕ್ಕಳ ಓಟ ಅಲ್ಲೇ ನಡೆಯಬೇಕು. ಉಳಿದದ್ದು ವೇದಿಕೆ. ವಾದ್ಯದವರನ್ನು ಒಂದು ಮೂಲೆಗೆ ತಳ್ಳಿ ನಡುಮಧ್ಯದಲ್ಲಿ ಮೇಜು ಇಟ್ಟರು, ಒಂದು ಕುರ್ಚಿ ಹಾಕಿದರು, ಒಂದು ತಟ್ಟೆ, ಒಂದು ಬಟ್ಟಲು. ಜಿಪಾರ್ ಹೋಗಿ ಅಪ್ಪನ ಕೈ ಹಿಡಿದು ಕರೆತಂದಳು. ಹತ್ತೊಂಬತ್ತು ಮೇಜಿನ ಇನ್ನೂರು ಜನ ತಿರುಗಿ ನೋಡಿದರು. ಮಾವ ಮೆಟ್ಟಿಲು ಹತ್ತಿ, ಕುರ್ಚಿಯ ಮೇಲೆ ಕೂತು, ತಮ್ಮ ಮುಂದೆ ಹಬೆಯಾಡುತ್ತಿದ್ದ ಇಡೀ ಕುರಿಯನ್ನೂ ಅದರಾಚೆ ತಮ್ಮ ಇಡೀ ಕುಲವನ್ನೂ ನೋಡಿದರು. ಕುರಿಯ ತಲೆ ಜನರ ಕಡೆ ಮುಖ ಮಾಡಿತ್ತು. ಆಮೇಲೆ ತಮಾದಾ, ತೊಯ್ ನಡೆಸಿಕೊಡುವ ಆ ಕೆಂಪು ಟೈಯ ಮನುಷ್ಯ, ಏನೂ ಅರ್ಥವಾಗದಿದ್ದಾಗ ಮಾಡುವುದನ್ನೇ ಮಾಡಿದ. “ನಮ್ಮ ಕುಲದ ಹಿರಿಯರು! ಎಲ್ಲರಿಗಿಂತ ಎತ್ತರದಲ್ಲಿ!” ಎಂದು ಮೈಕಿನಲ್ಲಿ ಕೂಗಿದ. ಚಪ್ಪಾಳೆ ಬಿತ್ತು. ಎಂಟನೇ ಮೇಜಿನಿಂದ ಒಬ್ಬ ಹೆಂಗಸು, “ನಮ್ಮಪ್ಪನಿಗೆ ಎಂಬತ್ನಾಲ್ಕು. ಅವರನ್ಯಾಕೆ ಹತ್ಸಿಲ್ಲ?” ಎಂದು ಕೇಳಿದ್ದು ಚಪ್ಪಾಳೆಯ ನಡುವೆಯೂ ಸ್ಪಷ್ಟವಾಗಿ ಕೇಳಿಸಿತು. ಅವರು ಹೆಣ್ಣು ಕೊಟ್ಟವರ ಕಡೆಯವರು, ಈ ಕುಲದವರಲ್ಲ ಎಂದು ಯಾರೋ ಸಮಾಧಾನ ಹೇಳಿದರು, ಅದರಿಂದ ಸಮಾಧಾನವಾಗಲಿಲ್ಲ.

ಪ್ರೋಗ್ರಾಮು ಆ ಮೇಜಿಗೆ ಬಡಿಸುವವರನ್ನು ಕೊಟ್ಟಿರಲಿಲ್ಲ. ಹಾಗಾಗಿ ತಂಬಿಗೆ, ಬೋಗುಣಿ, ಟವೆಲ್ ಹಿಡಿದು ಮೆಲಿಸ್ ತಾನೇ ವೇದಿಕೆ ಹತ್ತಿದ. ಮಾವನ ಕೈಮೇಲೆ ಬೆಚ್ಚಗಿನ ನೀರು ಬಿಟ್ಟ. ಅವರ ಕೈಗಳನ್ನು ಅವನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಉಗುರಿನ ಸಂದಿಯಲ್ಲಿ ಲಾರಿಯ ಎಣ್ಣೆ ಇನ್ನೂ ಕಪ್ಪಗೆ ಉಳಿದಿತ್ತು, ಲಾರಿ ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ. ಅವರು ತುಟಿ ಅಲ್ಲಾಡಿಸದೆ, ಜನರ ಕಡೆಯೇ ನೋಡುತ್ತ, “ಇದು ನನ್ನ ತಿಥಿ ಊಟಾನಾ?” ಎಂದು ಕೇಳಿದರು.

“ಇಲ್ಲ ಆತಾ.”

“ಎಲ್ಲದರ ಮೇಲೂ ನನ್ನ ಹೆಸರಿದೆ. ಬೆಳಿಗ್ಗೆ ಒಂದರ ಮೇಲೂ ಇರ್ಲಿಲ್ಲ.”

“ಬೆಳಿಗ್ಗೆ...” ಎಂದ ಮೆಲಿಸ್. ಪ್ರಿಂಟರ್ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅದನ್ನು ಆಡಿದ್ದರೆ ಆಗಿಹೋಗುತ್ತಿತ್ತು; ಬುರುಲ್ಚಾ ಎಜೆ ಹೌದೆನ್ನುತ್ತಿದ್ದರು, ಮೀರಿಮ್ ಹೌದೆನ್ನುತ್ತಿದ್ದಳು, ಇನ್ನೂರು ಜನ ಪ್ರಿಂಟರ್‌ಗೆ ಶಾಪ ಹಾಕಿ ಉಣ್ಣುತ್ತಿದ್ದರು. ಏನು ಕೇಳುವುದಿದ್ದರೂ ಮೇಜನ್ನೇ ಕೇಳಿ ಎಂದು ಒಂಬತ್ತು ವರ್ಷ ಕೂತು ಬರೆದವನು ಅವನು. ಆದರೆ ಈಗ ಇಬ್ಬರ ನಡುವೆ ಇದ್ದದ್ದು ಮೇಜಲ್ಲ, ಒಂದು ಒದ್ದೆ ಟವೆಲ್. ಅದರ ಒಂದು ತುದಿ ಮಾವನ ಕೈಯಲ್ಲಿತ್ತು, ಇನ್ನೊಂದು ತುದಿ ಅವನ ಕೈಯಲ್ಲಿ.

“ಬೆಳಿಗ್ಗೆ ನಾನೇ ತೆಗೆದೆ ಆತಾ. ತೆಗೀಬೇಕಾ ಅಂತ ಕೇಳ್ತು. ನಿಮ್ಮ ಹೆಸರು ಓದಿದೆ. ಓದಿ ಹೌದು ಅಂದೆ.”

ತುರ್ದಾಕುನ್ ಟವೆಲ್ ಬಿಡಲಿಲ್ಲ. “ಗೊತ್ತಿದ್ದೂ?”

“ಗೊತ್ತಿದ್ದೂ.”

“ಆಮೇಲೆ ಏನು ಮಾಡ್ದೆ?”

“ಚಹಾ ಕುಡಿದೆ.”

“ಹೇಗಿತ್ತು?”

“ಚೆನ್ನಾಗಿತ್ತು ಆತಾ.”

ಕೆಳಗೆ ಮಕ್ಕಳ ಓಟ ಮುಗಿದು, ಗೆದ್ದ ಹುಡುಗಿ ಮಗುವಿನ ಕಾಲಿನ ದಾರ ಕತ್ತರಿಸಿದಳು. ಮಗು ಎರಡು ಹೆಜ್ಜೆ ಇಟ್ಟು ಕುಕ್ಕರಿಸಿತು, ಹಾಲ್ ‘ಹೋ’ ಎಂದಿತು, ವಾದ್ಯದವರು ಮೂಲೆಯಿಂದಲೇ ಬಾರಿಸತೊಡಗಿದರು. ಮಾವನ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾರೆಂದು ಮೆಲಿಸ್‌ಗೆ ಗಾಬರಿಯಾಯಿತು, ನಗುತ್ತಿದ್ದರು. ಹಲ್ಲಿಲ್ಲದ ಒಂದು ಬದಿಯಿಂದ ಸಣ್ಣಗೆ ಶಿಳ್ಳೆಯಂಥ ಸದ್ದು ಹೊರಡುತ್ತಿತ್ತು.

“ಇಪ್ಪತ್ತೆರಡು ವರ್ಷ ನನ್ನ ಬಾಗಿಲಲ್ಲಿ ತಲೆ ತಗ್ಗಿಸ್ಕೊಂಡು ಚಹಾ ಬಗ್ಗಿಸ್ದೆ,” ಎಂದರು. “ಬೈದ್ರೂ ಆತಾ, ಬೈದೇ ಇದ್ರೂ ಆತಾ. ನಾನು ಜಿಪಾರ್‌ಗೆ ಹೇಳಿದ್ದೆ, ಇವನು ಖಾಲಿ ಅಮ್ಮಾ, ಇವನೊಳಗೆ ಯಾರೂ ಇಲ್ಲ ಅಂತ. ಅವಳು ಅತ್ಲು. ನನಗೂ ಬೇಜಾರಾಯ್ತು.” ಅವರು ಟವೆಲಿನಿಂದ ಕಣ್ಣೊರೆಸಿಕೊಂಡರು. “ಇದಾನೆ. ಯಾರೋ ಒಬ್ಬ ಇದಾನೆ. ಒಳ್ಳೆಯವನಲ್ಲ. ಆದ್ರೆ ಇದಾನೆ. ಕುರ್ಚಿ ತಾ.”

“ಇದು ಒಬ್ಬರ ಮೇಜು ಆತಾ. ಒಂದೇ ಕುರ್ಚಿ...”

“ಕುರ್ಚಿ ತಾ ಅಂದೆ.”

ಕೊಮುಜ್ ಬಾರಿಸುವವನು ಎದ್ದು ನಿಂತು ಬಾರಿಸಬೇಕಾಯಿತು. ಮೆಲಿಸ್ ಅವನ ಕುರ್ಚಿಯನ್ನು ತಂದು, ಅಂಚಿನಲ್ಲಿ ಅರ್ಧ ಮಾತ್ರ ಕೂತ. ತುರ್ದಾಕುನ್ ಚಾಕು ತೆಗೆದುಕೊಂಡು ಹರಿವಾಣದಲ್ಲಿ ಹುಡುಕಿ, ಎದೆಯ ಮಾಂಸದ ತುಂಡನ್ನು ಎತ್ತಿ, ಅದಕ್ಕೆ ಸಿಕ್ಕಿಸಿದ್ದ ತಮ್ಮ ಹೆಸರಿನ ಚೀಟಿಯನ್ನು ಕಿತ್ತು ಕೆಳಗೆ ಹಾಕಿ, ಅವನ ಮುಂದಿಟ್ಟರು. ಅದು ಅಳಿಯನ ಪಾಲು. ಷಡ್ಡಕರಿಬ್ಬರಿಗೂ ಅದು ಮದುವೆಯಾದ ವರ್ಷವೇ ಸಿಕ್ಕಿತ್ತು. ಕೆಳಗೆ ಜಿಪಾರ್ ಚಮಚ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ವೇದಿಕೆಯನ್ನು ನೋಡುತ್ತಿದ್ದಳು. ಮೆಲಿಸ್ ಮಾಂಸವನ್ನು ಮುಟ್ಟಲಾರದೆ ಕೂತ.

ಊಟ ಸಾಗಿತು. ಸಾರು ಬಂತು, ಹೋಯಿತು. ಮೂರೂವರೆಯ ಹೊತ್ತಿಗೆ ಮೇಜುಗಳೆಲ್ಲ ಬರಿದಾದವು. ಜನ ಉಳಿದ ಮಾಂಸವನ್ನು ಪೊಟ್ಟಣ ಕಟ್ಟಿಕೊಂಡು, ಮಕ್ಕಳಿಗೆ ಬೂಟು ಹಾಕಿ, ವೇದಿಕೆಯತ್ತ ಮುಖ ಮಾಡಿ ಕಾದರು. ಹಿರಿಯರು ಅಂಗೈ ಬಿಚ್ಚಿ ಬಾತಾ ಹೇಳಿ ಹರಸದ ಹೊರತು ಯಾರೂ ಏಳುವಂತಿಲ್ಲ. ತಮಾದಾ ಎರಡು ಸಲ ಕೆಮ್ಮಿದ. ಮಗು ನಿದ್ದೆಹೋಯಿತು. ಬುರುಲ್ಚಾ ಎಜೆ ಗೋಡೆ ಗಡಿಯಾರ ತೋರಿಸಿ ಮೆಲಿಸ್‌ಗೆ ಸನ್ನೆಯ ಮೇಲೆ ಸನ್ನೆ ಮಾಡಿದರು. ಸಂಜೆಗೆ ಇನ್ನೊಂದು ಮದುವೆಯಿತ್ತು.

“ಆತಾ,” ಎಂದು ಮೆಲಿಸ್ ಪಿಸುಗುಟ್ಟಿದ, “ಎಲ್ಲರೂ ಕಾಯ್ತಿದಾರೆ.”

“ಕಾಯ್ಲಿ,” ಎಂದರು ತುರ್ದಾಕುನ್. ಅವರು ಮೊದಲನೆಯ ಎಲುಬನ್ನಷ್ಟೇ ಮುಗಿಸಿದ್ದರು. ಹರಿವಾಣದಲ್ಲಿ ಇನ್ನೂ ಹತ್ತು ಎಲುಬುಗಳು, ಮೇಲೊಂದು ತಲೆ. “ನಮ್ಮ ಮೇಜಿನ ಊಟ ಮುಗಿದಿಲ್ಲ. ಮುಗಿಯದೆ ನಾನು ಕೈ ಎತ್ತಲ್ಲ. ತಿನ್ನೋ.”

ಇನ್ನೂರು ಜನ ನೋಡುತ್ತಿದ್ದರು. ಮೆಲಿಸ್ ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ಸರಿದು ಕೂತು, ಅಂಗಿಯ ತೋಳು ಮಡಚಿಕೊಂಡು, ತಣ್ಣಗಾಗಿದ್ದ ತನ್ನ ತುಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತಿನ್ನತೊಡಗಿದ.